ಹಳೆಯ ಗಿರಾಕಿ, ಹೊಸ ಗಿರಾಕಿ ಮತ್ತು ಅಂಗಡಿಯ ನ್ಯಾಯ

ಪ್ಯಾರಿಸ್ ನಗರದಲ್ಲಿ 1837ರಲ್ಲಿ ಕುದುರೆಗಾಡಿಗಳಿಗೆ ಬೇಕಾದ ಚರ್ಮದ ಸಾಜು-ಸರಂಜಾಮುಗಳನ್ನು ಹೊಲಿದುಕೊಡುವ ಕಾರ್ಯಾಗಾರವಾಗಿ ಪ್ರಾರಂಭವಾದ ಎರ್ಮೆಸ್ ಎಂಬ ಮನೆತನದ ಸಂಸ್ಥೆಯು ಇಂದು ಜಗತ್ತಿನ ಅತ್ಯಂತ ಬೆಲೆಬಾಳುವ ಕೈಚೀಲಗಳಿಗೆ ಹೆಸರಾಗಿದೆ. ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಝಾನ್ ಲೂಯಿ ದ್ಯೂಮಾ ಅವರು ಒಮ್ಮೆ ಪ್ಯಾರಿಸಿನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ನಟಿ ಹಾಗೂ ಗಾಯಕಿ ಜೇನ್ ಬರ್ಕಿನ್ ಅವರ ಪಕ್ಕದಲ್ಲಿ ಕುಳಿತಿದ್ದರು. ಬೇಕಾದಷ್ಟು ಸಾಮಾನು ಹಿಡಿಸುವ ಒಳ್ಳೆಯ ಚೀಲವೊಂದು ಎಲ್ಲಿಯೂ ದೊರೆಯುತ್ತಿಲ್ಲವೆಂದು ಆಕೆ ಆಡಿದ ಮಾತೇ ನಿಮಿತ್ತವಾಗಿ 1984ರಲ್ಲಿ ಆಕೆಯ ಹೆಸರಿನ ಚೀಲ ಹುಟ್ಟಿತು. ಆಕೆಗೆಂದೇ ಮೊದಲು ಮಾಡಿದ ಆ ಚೀಲವು 2025ರ ಜುಲೈ ತಿಂಗಳಿನಲ್ಲಿ ಪ್ಯಾರಿಸಿನ ಹರಾಜೊಂದರಲ್ಲಿ ಸುಮಾರು 86 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಸಾಮಾನು ಹಿಡಿಸಲೆಂದು ಹುಟ್ಟಿದ ಚೀಲಕ್ಕೆ ಬಂದ ಗತಿ ಇದು.

ಈ ಚೀಲವನ್ನು ಕೊಳ್ಳಲು ಹಣವಿದ್ದರೆ ಸಾಲದು ಎಂಬುದೇ ಪ್ರಸ್ತುತ ವಿಚಾರಕ್ಕೆ ಮೂಲ. ಸಾಮಾನ್ಯ ಚೀಲದ ಬೆಲೆಯೇ ಅಮೆರಿಕದಲ್ಲಿ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟಿದ್ದು, ಅಷ್ಟು ಹಣವನ್ನು ಕೈಯಲ್ಲಿ ಹಿಡಿದು ಮಳಿಗೆಯೊಳಗೆ ಕಾಲಿಟ್ಟ ಅಪರಿಚಿತರಿಗೆ ಚೀಲ ದೊರೆಯುವುದು ಬಹು ಅಪರೂಪವೆಂದು ಕೊಳ್ಳುವವರು ಹೇಳುತ್ತಾರೆ. ಚೀಲಗಳು ಗಾಜಿನ ಕಪಾಟಿನಲ್ಲಿ ಮಾರಾಟಕ್ಕಿರುವುದಿಲ್ಲ; ಮಳಿಗೆಯವರು ಪರಿಚಯವುಳ್ಳ ಗಿರಾಕಿಯನ್ನು ಕರೆದು ತೋರಿಸುವುದುಂಟು. ಅಂತಹ ಪರಿಚಯ ಬೆಳೆಯಬೇಕಾದರೆ ಅದೇ ಮಳಿಗೆಯಲ್ಲಿ ಶಿರೋವಸ್ತ್ರ, ಪಾದರಕ್ಷೆ, ಪಿಂಗಾಣಿ ತಟ್ಟೆ, ಆಭರಣ ಮುಂತಾದುವನ್ನು ವರ್ಷಗಟ್ಟಲೆ ಕೊಳ್ಳುತ್ತಿರಬೇಕು ಎಂಬ ನಂಬಿಕೆ ಗಿರಾಕಿಗಳಲ್ಲಿ ಬೇರೂರಿದೆ. 2024ರ ಮಾರ್ಚ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಗಿರಾಕಿಗಳು ಇದನ್ನೇ ಮುಂದಿಟ್ಟು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಒಂದು ವಸ್ತುವನ್ನು ಕೊಡಲು ಇನ್ನೊಂದನ್ನು ಕೊಳ್ಳುವಂತೆ ಕಟ್ಟುಪಾಡು ಹಾಕುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂಬುದು ಅವರ ವಾದ. ಮಾರಾಟ ಸಹಾಯಕರಿಗೆ ಇತರ ವಸ್ತುಗಳ ಮೇಲೆ ಕಮಿಷನ್ ಉಂಟು, ಬರ್ಕಿನ್ ಚೀಲದ ಮೇಲೆ ಇಲ್ಲ. ಆದುದರಿಂದ ಚೀಲವನ್ನು ತೋರಿಸಿ ಇತರ ವಸ್ತುಗಳನ್ನು ಮಾರುವುದೇ ಅವರ ಕೆಲಸವಾಗಿದೆ ಎಂದೂ ಅವರು ಆರೋಪಿಸಿದ್ದರು. ಸಂಸ್ಥೆ ಆರೋಪವನ್ನು ಅಲ್ಲಗಳೆಯಿತು. 2025ರಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಹೆಚ್ಚು ಖರ್ಚು ಮಾಡುವ ಗಿರಾಕಿಗಳಿಗಾಗಿ ಚೀಲವನ್ನು ಕಾದಿರಿಸಿದರೂ ಅದಷ್ಟರಿಂದಲೇ ಸ್ಪರ್ಧಾ ಕಾನೂನಿನ ಉಲ್ಲಂಘನೆಯಾಗದು, ಮಾರುಕಟ್ಟೆಯಲ್ಲಿ ಸ್ಪರ್ಧೆಗೆ ಹಾನಿಯಾದದ್ದನ್ನು ದಾವೆದಾರರು ತೋರಿಸಿಲ್ಲ ಎಂಬುದು ಅದರ ಅಭಿಪ್ರಾಯದ ಸಾರ.

ನ್ಯಾಯಾಲಯ ತನ್ನ ಮುಂದಿದ್ದ ಪ್ರಶ್ನೆಗೆ ಉತ್ತರ ಹೇಳಿತು. ಆದರೆ ಹಳೆಯ ಗಿರಾಕಿಗೆ ಹೊಸಬನಿಗಿಂತ ಮೊದಲ ಹಕ್ಕುಂಟೆ, ಉಂಟಾದರೆ ಎಷ್ಟರ ಮಟ್ಟಿಗೆ ಎಂಬ ಧಾರ್ಮಿಕ ಪ್ರಶ್ನೆ ನ್ಯಾಯಾಲಯದ ಮುಂದೆ ಇರಲೇ ಇಲ್ಲ. ಅದು ಅಂಗಡಿ ನಡೆಸುವ ಪ್ರತಿಯೊಬ್ಬನ ಮುಂದೆಯೂ ದಿನನಿತ್ಯ ಬರುವಂತಹುದು.

ಚರ್ಮದ ಚೀಲದ ಚರ್ಚೆಗೆ ಶ್ರಾವಕರ ಪತ್ರಿಕೆಯಲ್ಲಿ ಎಡೆಯೇಕೆ ಎಂದು ಕೆಲವರು ಕೇಳಬಹುದು. ಕೇಳತಕ್ಕದ್ದೇ. ಕರುವಿನ ಚರ್ಮ, ಮೊಸಳೆಯ ಚರ್ಮಗಳಿಂದಾಗುವ ವಸ್ತು ಅಹಿಂಸಾವ್ರತಿಗೆ ಸಲ್ಲದು. ಜೇನ್ ಬರ್ಕಿನ್ ಅವರೇ 2015ರಲ್ಲಿ ಮೊಸಳೆಗಳನ್ನು ಕೊಲ್ಲುವ ಕ್ರಮದ ವರದಿಯನ್ನು ಕಂಡು ಮೊಸಳೆ ಚರ್ಮದ ಚೀಲದಿಂದ ತಮ್ಮ ಹೆಸರನ್ನು ತೆಗೆಯಬೇಕೆಂದು ಕೇಳಿದ್ದರು, ಸಂಸ್ಥೆ ಕೊಟ್ಟ ಸಮಾಧಾನದಿಂದ ಅನಂತರ ಒಪ್ಪಿದರು. ಆದರೆ ಚೀಲ ಇಲ್ಲಿ ನಿದರ್ಶನ ಮಾತ್ರ. ವಸ್ತು ದುಬಾರಿಯಾಗಿದ್ದು, ಬೇಡಿಕೆಗಿಂತ ಕಡಿಮೆಯಿದ್ದು, ಕೊಳ್ಳುವವನಿಗೆ ಅದರಿಂದ ಗೌರವ ಬರುತ್ತದೆಂಬ ಭಾವನೆ ಇರುವಲ್ಲೆಲ್ಲ ಇದೇ ಪ್ರಶ್ನೆ ತಲೆಯೆತ್ತುತ್ತದೆ. ಸ್ವಿಟ್ಜರ್ಲೆಂಡಿನ ಕೈಗಡಿಯಾರ, ಇಟಲಿಯ ಓಟದ ಕಾರು, ಚಿನ್ನದ ಅಂಗಡಿಯ ಹೊಸ ಮಾದರಿಯ ಹಾರ, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಜವಳಿ ಮತ್ತು ಚಿನ್ನ-ಬೆಳ್ಳಿಯ ವ್ಯಾಪಾರದಲ್ಲಿರುವ ಜೈನ ಮನೆತನಗಳು ಕಡಿಮೆಯೇನೂ ಇಲ್ಲ.

ಒಂದನ್ನು ಕೊಡಲು ಇನ್ನೊಂದನ್ನು ಕೊಳ್ಳಬೇಕೆಂಬ ಕಟ್ಟು ಭಾರತೀಯರಿಗೆ ಹೊಸದಲ್ಲ. ಅಡುಗೆ ಅನಿಲದ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ಸಂಪರ್ಕ ಬೇಕಾದರೆ ಒಲೆಯನ್ನೂ ಇಲ್ಲಿಯೇ ಕೊಳ್ಳಬೇಕು ಎಂಬ ವಿತರಕರ ಮಾತನ್ನು ಕೇಳದ ಗೃಹಿಣಿಯರು ವಿರಳ. 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆಯು ಇಂತಹ ಜೋಡಿಮಾರಾಟವನ್ನು ನಿರ್ಬಂಧಕ ಪದ್ಧತಿಗಳಲ್ಲಿ ಸೇರಿಸಿತ್ತು; ಅದರ ಸ್ಥಾನದಲ್ಲಿ ಬಂದ 2002ರ ಸ್ಪರ್ಧಾ ಕಾಯ್ದೆಯಲ್ಲಿಯೂ ಅದರ ಪ್ರಸ್ತಾಪವಿದೆ. ಅದೇ ಕಾಲದಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ನೋಂದಾಯಿಸಿದವರು ಹಲವು ವರ್ಷ ಕಾಯುತ್ತಿದ್ದರು; ಪಡೆದವರಲ್ಲಿ ಕೆಲವರು ಮರುದಿನವೇ ‘ಪ್ರೀಮಿಯಂ’ ಇಟ್ಟು ಮಾರುತ್ತಿದ್ದುದೂ ಉಂಟು. ಆದರೂ ಆ ಕಾಯುವಿಕೆಗೆ ಒಂದು ಕ್ರಮಸಂಖ್ಯೆ ಇತ್ತು. ತನಗಿಂತ ಮುಂದೆ ಎಷ್ಟು ಜನರಿದ್ದಾರೆಂಬುದನ್ನು ಕೇಳಿ ತಿಳಿಯಬಹುದಿತ್ತು. ವಿಲಾಸದ ವಸ್ತುವಿನ ಇಂದಿನ ಸರದಿಯಲ್ಲಿ ಸಂಖ್ಯೆಯಿಲ್ಲ, ಅವಧಿಯಿಲ್ಲ, ಸರದಿಯಲ್ಲಿ ನಿಂತಿರುವೆನೋ ಇಲ್ಲವೋ ಎಂಬ ಖಾತರಿಯೂ ಇಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಧಾರಾಳವಾಗಿ ಸಿಗುವ ವಸ್ತುಗಳ ವ್ಯಾಪಾರದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಹೊಸಬನಿಗೆ ರಿಯಾಯಿತಿ, ಉಡುಗೊರೆ, ಮೊದಲ ಮೂರು ತಿಂಗಳು ಅರ್ಧ ದರ. ಹಳಬನಿಗೆ ವರ್ಷ ವರ್ಷವೂ ಏರುವ ದರ. ಬ್ರಿಟನ್ನಿನಲ್ಲಿ ಮನೆ ಮತ್ತು ವಾಹನ ವಿಮೆಯ ವ್ಯವಹಾರದಲ್ಲಿ ಈ ಪದ್ಧತಿ ಎಷ್ಟು ಹಬ್ಬಿತೆಂದರೆ, ನವೀಕರಿಸಲು ಬಂದ ಹಳೆಯ ಗಿರಾಕಿಗೆ ಅದೇ ವಿಮೆಯ ಹೊಸ ಗಿರಾಕಿಗಿಂತ ಹೆಚ್ಚು ದರ ಹಾಕಕೂಡದೆಂದು ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರವು 2022ರ ಜನವರಿ 1ರಿಂದ ನಿಯಮ ಮಾಡಬೇಕಾಯಿತು. ವಿಮೆಯವನು ಹಳಬನನ್ನು ಸುಲಿಯುತ್ತಾನೆ, ವಿಲಾಸದ ಮಳಿಗೆಯವನು ಹೊಸಬನನ್ನು ಕಾಯಿಸುತ್ತಾನೆ. ಮೇಲುನೋಟಕ್ಕೆ ಎರಡೂ ವಿರುದ್ಧವಾದರೂ ಒಳಗಿನ ಲೆಕ್ಕ ಒಂದೇ: ಯಾರಿಗೆ ಎದ್ದು ಹೋಗುವ ಶಕ್ತಿ ಕಡಿಮೆಯೋ ಅವರಿಂದ ಹೆಚ್ಚು ಪಡೆಯುವುದು. ಹಳೆಯ ವಿಮಾದಾರ ಸೋಮಾರಿತನದಿಂದ ಏಳಲಾರ. ಚೀಲದ ಆಸೆಗೆ ಬಿದ್ದವರು ಆಸೆಯಿಂದ ಏಳಲಾರರು. ನಿಷ್ಠೆಗೆ ಗೌರವ ಎಂಬ ಮಾತು ಎರಡನೆಯ ಅಂಗಡಿಯಲ್ಲಿ ಹೆಚ್ಚಾಗಿ ಕೇಳಿಬರುತ್ತದೆಯೆಂದ ಮಾತ್ರಕ್ಕೆ ಅದು ಅಲ್ಲಿ ನೆಲೆಸಿದೆಯೆಂದು ಭಾವಿಸಬೇಕಾಗಿಲ್ಲ.

ಹಾಗಾದರೆ ನಿಷ್ಠೆಯೆಂದರೇನು? ಒಂದೇ ಅಂಗಡಿಗೆ ಮರಳಿ ಬರುವುದಷ್ಟೇ ನಿಷ್ಠೆಯಾದರೆ ಊರಿಗೆ ಒಂದೇ ಅಂಗಡಿಯಿರುವಲ್ಲಿ ಎಲ್ಲರೂ ನಿಷ್ಠಾವಂತರು. ಬೇರೆಡೆ ಹೋಗಬಹುದಾಗಿದ್ದರೂ, ಕೆಲವೊಮ್ಮೆ ಅಲ್ಲಿ ನಾಲ್ಕು ಕಾಸು ಅಗ್ಗವಾಗಿದ್ದರೂ, ಈ ಅಂಗಡಿಯವನ ಮಾತಿನ ಮೇಲೆ ನಂಬಿಕೆಯಿಟ್ಟು ಬರುವವನು ನಿಜವಾದ ಹಳೆಯ ಗಿರಾಕಿ. ಬೇಡದ ತಟ್ಟೆಯನ್ನೂ ಬೇಡದ ಶಿರೋವಸ್ತ್ರವನ್ನೂ ಚೀಲದ ಆಸೆಯಿಂದ ಕೊಂಡವನು ತೋರಿದ್ದು ನಿಷ್ಠೆಯಲ್ಲ. ಅವನು ಚೀಲದ ಬೆಲೆಯನ್ನು ಕಂತುಗಳಲ್ಲಿ ಕಟ್ಟುತ್ತಿದ್ದಾನೆ. ಆ ಕಂತು ಎಷ್ಟೆಂಬುದನ್ನು ಮಾತ್ರ ಅವನಿಗೆ ಯಾರೂ ಹೇಳಿಲ್ಲ. ಬಿಲ್ಲಿನಲ್ಲಿ ಕಾಣದ ಬೆಲೆ ಅದು. ಅಪರಿಗ್ರಹದ ದೃಷ್ಟಿಯಿಂದ ನೋಡಿದರೆ ಇದರ ದೋಷ ಇಮ್ಮಡಿಯಾಗುತ್ತದೆ: ಒಂದು ಅನಾವಶ್ಯಕ ವಸ್ತುವಿಗಾಗಿ ಹತ್ತು ಅನಾವಶ್ಯಕ ವಸ್ತುಗಳು ಮನೆ ಸೇರುತ್ತವೆ, ಆ ಹತ್ತರ ಮೇಲೆ ಮೋಹವೂ ಇರುವುದಿಲ್ಲ. ಮೋಹವಿಲ್ಲದ ಪರಿಗ್ರಹವೆಂಬ ಈ ಹೊಸ ಬಗೆಯನ್ನು ಯಾವ ವರ್ಗದಲ್ಲಿ ಸೇರಿಸಬೇಕೆಂಬುದನ್ನು ಪಂಡಿತರು ಯೋಚಿಸಲಿ.

ಶ್ರಾವಕಾಚಾರ ಗ್ರಂಥಗಳು ವ್ಯಾಪಾರಿಯ ವಿಷಯದಲ್ಲಿ ಮೌನವಾಗಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳೂ ಸಮಂತಭದ್ರಾಚಾರ್ಯರೂ ಕಳವಿನ ಮಾಲು ಕೊಳ್ಳುವುದರ ಜೊತೆಯಲ್ಲಿಯೇ ತೂಕ-ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನೂ ಕಲಬೆರಕೆಯನ್ನೂ ಎಣಿಸಿದ್ದಾರೆ. ಕೊಡುವಾಗ ಒಂದು ಬಟ್ಟು, ತೆಗೆದುಕೊಳ್ಳುವಾಗ ಇನ್ನೊಂದು ಬಟ್ಟು ಇಡುವವನು ಕಳ್ಳನ ಪಂಕ್ತಿಯಲ್ಲಿ ಕೂರುತ್ತಾನೆ. ಇಲ್ಲಿ ವಿಚಾರಣೀಯವಾದುದು, ಹಳಬನಿಗೊಂದು ಬಟ್ಟು ಹೊಸಬನಿಗೊಂದು ಬಟ್ಟು ಇಡುವುದು ಅದೇ ದೋಷವೋ ಅಲ್ಲವೋ ಎಂಬುದು.

ಚಿನ್ನದ ಅಂಗಡಿಯನ್ನೇ ನೋಡಬಹುದು. ಶುದ್ಧತೆಯ ವಿಷಯದಲ್ಲಿ ಹೊಸಬ-ಹಳಬ ಎಂಬ ಭೇದಕ್ಕೆ ಈಗ ಅವಕಾಶ ಕಡಿಮೆ. 2021ರ ಜೂನ್ ತಿಂಗಳಿನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಆಭರಣಕ್ಕೆ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಇರಲೇಬೇಕು. ಚಿನ್ನದ ಅಂದಿನ ದರ ಗೋಡೆಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿರುತ್ತದೆ. ಉಳಿದದ್ದು ಮಜೂರಿ ಮತ್ತು ವೇಸ್ಟೇಜು. ಅದು ಹಲಗೆಯ ಮೇಲಿಲ್ಲ. ಅಜ್ಜಿಯ ಕಾಲದಿಂದ ಬರುತ್ತಿರುವ ಮನೆಯವರಿಗೆ ಒಂದು ಶೇಕಡಾ, ಪರವೂರಿನಿಂದ ಮಗಳ ಮದುವೆಗೆಂದು ಮೊದಲ ಸಲ ಬಂದವರಿಗೆ ಇನ್ನೊಂದು ಶೇಕಡಾ. ಒಂದೇ ಸರ, ಒಂದೇ ತೂಕ, ಒಂದೇ ಅಕ್ಕಸಾಲಿಗನ ಕೆಲಸ. ಹಳಬರಿಗೆ ಬಿಟ್ಟದ್ದು ಮಾಲೀಕನ ಲಾಭದಿಂದ ಬಿಟ್ಟದ್ದಾದರೆ ಅದಕ್ಕೆ ಯಾರೂ ಆಕ್ಷೇಪಿಸಲಾರರು. ಮಾಲೀಕ ತನ್ನದನ್ನು ತಾನು ಕೊಟ್ಟ. ಹೊಸಬರಿಗೆ ಹೆಚ್ಚಾಗಿ ಹಾಕಿ ಅದರಿಂದ ಹಳಬರಿಗೆ ಬಿಟ್ಟದ್ದಾದರೆ ದಾನ ಮಾಡಿದವರು ಆ ಪರವೂರಿನವರು, ಹೆಸರು ಪಡೆದವನು ಅಂಗಡಿಯವನು.

ಇವೆರಡನ್ನೂ ಬೇರ್ಪಡಿಸುವುದು ಹೇಗೆ? ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಕಷ್ಟವಾಗಬಾರದು. ಆ ಹಳೆಯ ಮನೆಯವರು ಇಲ್ಲವೇ ಇಲ್ಲವೆಂದು ಎಣಿಸಿದರೆ ಹೊಸಬರ ದರ ಎಷ್ಟಿರುತ್ತಿತ್ತು ಎಂದು ಮಾಲೀಕ ತನ್ನನ್ನು ತಾನು ಕೇಳಿಕೊಳ್ಳಬೇಕು. ಅಷ್ಟೇ ಇರುತ್ತಿತ್ತೆಂದರೆ ಬಿಟ್ಟದ್ದು ತನ್ನ ಲಾಭದಿಂದಲೇ. ಕಡಿಮೆ ಇರುತ್ತಿತ್ತೆಂದರೆ ಮುಖ ನೋಡಿ ಬಟ್ಟು ಬದಲಿಸಿದಂತಾಯಿತು. ಲೆಕ್ಕಪರಿಶೋಧಕರು ಈ ಪ್ರಶ್ನೆಯನ್ನು ಕೇಳುವುದಿಲ್ಲವಾದ್ದರಿಂದ ಇದು ಮಾಲೀಕನ ಸಾಮಾಯಿಕದ ಸಮಯಕ್ಕೇ ಉಳಿಯುತ್ತದೆ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ವ್ಯಾಪಾರಿಗಳು ಇದೇ ಪ್ರಶ್ನೆಯನ್ನು ಕಠಿಣವಾಗಿ ಬಗೆಹರಿಸಿದರು. ಹೆಚ್ಚು ಹೇಳಿ ಕಡಿಮೆಗೆ ಇಳಿಯುವುದು ಸುಳ್ಳಾಡಿದಂತೆಯೇ ಎಂದು ಅವರ ಗುರು ಜಾರ್ಜ್ ಫಾಕ್ಸ್ ಬೋಧಿಸಿದರು. ಅವರ ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ಮಾತು, ಒಂದೇ ಬೆಲೆ. ಮಗುವನ್ನು ಕಳುಹಿಸಿದರೂ ಮೋಸವಿಲ್ಲವೆಂಬ ಕೀರ್ತಿ ಅವರಿಗೆ ಬಂದು, ವ್ಯಾಪಾರವೂ ವೃದ್ಧಿಯಾಯಿತು. ಅನಂತರ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಬಾನ್ ಮಾರ್ಷೆ ಮಳಿಗೆಯನ್ನು ಬೆಳೆಸಿದ ಅರಿಸ್ತೀದ್ ಬೂಸಿಕೋ ಅವರು ಪ್ರತಿಯೊಂದು ವಸ್ತುವಿಗೂ ಬೆಲೆಯ ಚೀಟಿ ಅಂಟಿಸಿದರು, ಕೊಳ್ಳಲಿ ಬಿಡಲಿ ಯಾರು ಬೇಕಾದರೂ ಒಳಗೆ ಬಂದು ನೋಡಬಹುದೆಂದರು. ಯಾರ ಪರಿಚಯವೂ ಇಲ್ಲದ ಗುಮಾಸ್ತನ ಹೆಂಡತಿಯೂ ಶ್ರೀಮಂತರ ಬೆಲೆಗೇ ಬಟ್ಟೆ ಕೊಳ್ಳುವಂತಾಯಿತು. ಚೀಲವನ್ನು ಒಳಮನೆಯಲ್ಲಿ ಮುಚ್ಚಿಟ್ಟು ಪರಿಚಯಸ್ಥರನ್ನು ಕರೆದು ತೋರಿಸುವ ಇಂದಿನ ಕ್ರಮ ಅದೇ ಊರಿನಲ್ಲಿ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ.

ಬೆಲೆಯ ವಿಷಯ ಹೀಗಾದರೆ, ಸರದಿಯ ವಿಷಯ ಇನ್ನೂ ಸೂಕ್ಷ್ಮ. ಇರುವುದು ಒಂದೇ ವಸ್ತು, ಕೇಳುವವರು ಇಬ್ಬರು. ಬೆಲೆಯಲ್ಲಾದರೆ ಮಾಲೀಕ ತನ್ನ ಲಾಭದಿಂದ ಬಿಡಬಹುದು. ವಸ್ತುವನ್ನು ಮಾತ್ರ ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ಇಲ್ಲವಾಗುತ್ತದೆ. ಕಾನೂನು ಇಲ್ಲಿ ಮಾಲೀಕನ ಪರವಾಗಿದೆ. ಕಪಾಟಿನಲ್ಲಿ ಬೆಲೆ ಬರೆದಿಟ್ಟ ವಸ್ತು ಮಾರಾಟದ ಪ್ರಸ್ತಾವವಲ್ಲ, ಪ್ರಸ್ತಾವ ಮಾಡಲು ಗಿರಾಕಿಗೆ ಕೊಟ್ಟ ಆಹ್ವಾನ ಮಾತ್ರವೆಂದು 1953 ಮತ್ತು 1961ರ ಎರಡು ಇಂಗ್ಲಿಷ್ ತೀರ್ಪುಗಳು ಸ್ಥಿರಪಡಿಸಿವೆ, ಬಿ.ಕಾಂ. ತರಗತಿಯಲ್ಲಿ ಕರಾರು ಕಾಯ್ದೆ ಓದಿದವರೆಲ್ಲ ಇವನ್ನು ಬಾಯಿಪಾಠ ಮಾಡಿದವರೇ. ಆದುದರಿಂದ ಅಂಗಡಿಯವನು ಕೊಡುವುದಿಲ್ಲವೆಂದರೆ ಹೊಸಬ ಮೊಕದ್ದಮೆ ಹೂಡಲಾರ. ಆದರೆ ಕೊಡುವುದಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ವಸ್ತು ಒಳಗಿರುವಾಗ ‘ಇಲ್ಲ’ ಎನ್ನುವುದಕ್ಕೆ ಕರಾರು ಕಾಯ್ದೆಯಲ್ಲಿ ಉತ್ತರವಿರಲಿ ಬಿಡಲಿ, ಸತ್ಯಾಣುವ್ರತದಲ್ಲಿ ಅದಕ್ಕೆ ಹೆಸರಿದೆ.

ಇದರ ಕಷ್ಟ ಗಿರಾಕಿಗಿಂತ ಹೆಚ್ಚಾಗಿ ಕೆಲಸದ ಹುಡುಗನಿಗೆ ತಟ್ಟುತ್ತದೆ. ಕಾಲೇಜು ಮುಗಿಸಿ ಅಂಗಡಿ ಸೇರಿದ ಇಪ್ಪತ್ತೆರಡರ ತರುಣನಿಗೆ ಮೊದಲು ಕಲಿಸುವ ಪಾಠ, ಒಳಗೆ ಬಂದವನ ಚಪ್ಪಲಿ, ಗಡಿಯಾರ, ಮಾತಿನ ಧಾಟಿ ನೋಡಿ ಅವನನ್ನು ಅಳೆಯುವುದು. ಎರಡನೆಯ ಪಾಠ, ನಗುನಗುತ್ತ ‘ಇಲ್ಲ’ ಎನ್ನುವುದು. ದಿನಕ್ಕೆ ಇಪ್ಪತ್ತು ಸಲ ನಯವಾಗಿ ಸುಳ್ಳು ಹೇಳುವುದನ್ನು ವೃತ್ತಿಯಾಗಿ ಕಲಿತವನು ಮಾಲೀಕನ ಎದುರಿನಲ್ಲಿ ಮಾತ್ರ ಸತ್ಯ ಹೇಳುತ್ತಾನೆಂದು ನಂಬುವ ಮಾಲೀಕನ ಸರಳತೆಗೆ ಏನೆನ್ನಬೇಕು! ಮಾಯಾಕಷಾಯವನ್ನು ಸಂಬಳ ಕೊಟ್ಟು ಬೆಳೆಸಿದಂತಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಹಳೆಯ ಗಿರಾಕಿಯ ಪಕ್ಷವನ್ನು ಲಘುವಾಗಿ ತಳ್ಳಿಹಾಕಲಾಗದು. 2016ರ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾಗಿ ವ್ಯಾಪಾರ ನೆಲಕಚ್ಚಿದಾಗ, 2020ರಲ್ಲಿ ಅಂಗಡಿಗಳ ಬಾಗಿಲು ತಿಂಗಳುಗಟ್ಟಲೆ ಮುಚ್ಚಿದ್ದಾಗ, ಬಾಕಿಯಿದ್ದ ಹಣವನ್ನು ಕೇಳದೆಯೇ ತಂದು ಕೊಟ್ಟವರು, ಮದುವೆಯ ಆಭರಣಕ್ಕೆ ಮುಂಗಡ ಕೊಟ್ಟು ಕಾದವರು ಹಳೆಯ ಗಿರಾಕಿಗಳೇ. ಹೊಸಬ ಆಗ ಎಲ್ಲಿದ್ದನೆಂದು ಯಾರಿಗೂ ತಿಳಿಯದು. ಈ ಋಣವನ್ನು ಮರೆತು, ಎಲ್ಲರೂ ಸಮಾನರೆಂದು ಹೇಳಿ ಅವರನ್ನು ನಿನ್ನೆ ಬಂದವರ ಹಿಂದೆ ನಿಲ್ಲಿಸುವ ವ್ಯಾಪಾರಿಯ ಸಮಾನತೆಗೆ ಕೃತಘ್ನತೆಯ ವಾಸನೆಯಿದೆ. ಉದ್ರಿ ಕೊಡುವುದು, ಹಳೆಯ ಒಡವೆಯ ಕೊಕ್ಕೆ ಮುರಿದರೆ ಮಜೂರಿಯಿಲ್ಲದೆ ಸರಿಪಡಿಸುವುದು, ಮನೆಗೇ ಹೋಗಿ ತೋರಿಸುವುದು, ಅಂಗಡಿ ಮುಚ್ಚುವ ವೇಳೆಗೆ ಬಂದರೂ ಬಾಗಿಲು ತೆರೆಯುವುದು, ಇವೆಲ್ಲ ಋಣ ತೀರಿಸುವ ದಾರಿಗಳು. ಇವುಗಳಲ್ಲಿ ಖರ್ಚಾಗುವುದು ಮಾಲೀಕನ ಹಣ ಮತ್ತು ಸಮಯ, ಹೊಸಬನ ಪಾಲಲ್ಲ. ಹಳೆಯ ಗಿರಾಕಿ ಮೊದಲೇ ಹೇಳಿಟ್ಟಿದ್ದ ವಸ್ತುವನ್ನು ಅವನಿಗೆ ಎತ್ತಿಡುವುದೂ ನ್ಯಾಯವೇ. ಅದು ಕೊಟ್ಟ ಮಾತು. ಹೊಸಬನೂ ಹಾಗೆ ಹೇಳಿಡಬಹುದೆಂಬ ಅವಕಾಶ ಇರಬೇಕು, ಅಷ್ಟೆ.

ವ್ಯಾಪಾರಿಗಳ ಇನ್ನೊಂದು ವಾದವೂ ಗಟ್ಟಿಯಾದುದು. ಬಂದವರಿಗೆಲ್ಲ ಕೊಟ್ಟರೆ ಮೊದಲು ಬರುವವನು ದಲ್ಲಾಳಿ. ಬಾಡಿಗೆಯ ಜನರನ್ನು ಸರದಿಯಲ್ಲಿ ನಿಲ್ಲಿಸಿ ವಸ್ತುವನ್ನು ಕೊಂಡು, ಅದನ್ನೇ ಹೆಚ್ಚಿನ ಬೆಲೆಗೆ ಮಾರುತ್ತಾನೆ. ಪರಿಚಯದ ಗಿರಾಕಿಗೆ ಕೊಡುವುದರಿಂದ ವಸ್ತು ಉಪಯೋಗಿಸುವವರ ಕೈಸೇರುತ್ತದೆ ಎಂಬುದು ಆ ವಾದ. ಸ್ಕೂಟರಿನ ಪ್ರೀಮಿಯಂ ಕಂಡವರು ಇದನ್ನು ಅಲ್ಲಗಳೆಯಲಾರರು. ಆದರೆ ದಲ್ಲಾಳಿಯನ್ನು ತಡೆಯಲು ಗಿರಾಕಿ ಹಿಂದೆ ಎಷ್ಟು ಖರ್ಚು ಮಾಡಿದ್ದಾನೆಂದು ನೋಡುವುದೊಂದೇ ದಾರಿಯಲ್ಲ. ಪ್ಯಾರಿಸಿನಲ್ಲಿ ಅದೇ ಎರ್ಮೆಸ್ ಸಂಸ್ಥೆಯ ಮಳಿಗೆಗಳು ಚರ್ಮದ ಸಾಮಾನಿನ ಭೇಟಿಗೆ ಅಂತರಜಾಲದ ಮೂಲಕ ಕೋರಿಕೆ ಪಡೆದು, ಚೀಟಿ ಎತ್ತಿದಂತೆ ಹೆಸರು ಆರಿಸುವ ಕ್ರಮವನ್ನು ಇಟ್ಟುಕೊಂಡಿವೆ. ಭೇಟಿ ದೊರೆತರೂ ಬೇಕಾದ ಚೀಲವೇ ದೊರೆಯುತ್ತದೆಂಬ ಭರವಸೆಯಿಲ್ಲ. ಆದರೂ ಚೀಟಿಗೆ ಯಾರ ಮುಖವೂ ಗೊತ್ತಿಲ್ಲ.

ಕರ್ನಾಟಕದವರಿಗೆ ಇದಕ್ಕಿಂತ ಹತ್ತಿರದ ನಿದರ್ಶನವೊಂದಿದೆ. 1912ರಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಆರಂಭವಾಗಿ, ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿರುವ ಮೈಸೂರಿನ ನೇಯ್ಗೆ ಕಾರ್ಖಾನೆಯ ಸೀರೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಬೇಡಿಕೆ ವಿಪರೀತವಾಗಿದೆ. ಬೇಡಿಕೆಯಷ್ಟು ಸೀರೆ ತಯಾರಾಗುತ್ತಿಲ್ಲ. ಬೆಂಗಳೂರಿನಲ್ಲಿ ನಿಗಮದ ಮಳಿಗೆಯ ಮುಂದೆ ಹೆಂಗಸರು ಬೆಳಗಿನ ಜಾವವೇ ಬಂದು ಸಾಲುಗಟ್ಟಿ ನಿಂತದ್ದು, ಟೋಕನ್ ಹಂಚಿದ್ದು, ಒಬ್ಬರಿಗೆ ಒಂದೇ ಸೀರೆ ಎಂದು ಮಿತಿ ಹಾಕಿದ್ದು ಸುದ್ದಿಯಾಯಿತು. ರೇಷ್ಮೆಯ ಹಿಂಸೆಯನ್ನು ಬಲ್ಲ ಶ್ರಾವಕಿಯರು ಆ ಸಾಲಿನಲ್ಲಿ ನಿಲ್ಲದಿರುವುದೇ ಲೇಸು. ಗೂಡನ್ನು ಕುದಿಸದೆ ಆ ನೂಲು ಬರುವುದಿಲ್ಲ. ಆದರೆ ಹಂಚುವ ಕ್ರಮವನ್ನು ಮಾತ್ರ ನೋಡಿದರೆ, ಇಪ್ಪತ್ತು ಸೀರೆ ಕೊಂಡ ಮನೆಯವಳಿಗೂ ಮೊದಲ ಸಂಬಳದಲ್ಲಿ ತಾಯಿಗೊಂದು ಸೀರೆ ಕೊಳ್ಳಬಂದ ಹುಡುಗಿಗೂ ಅಲ್ಲಿ ಒಂದೇ ಸಂಖ್ಯೆ, ಒಂದೇ ಸೀರೆ. ಇದರಲ್ಲಿಯೂ ಕುಂದಿಲ್ಲದೆ ಇಲ್ಲ. ನಸುಕಿನ ನಾಲ್ಕು ಗಂಟೆಗೆ ಬಂದು ನಿಲ್ಲಲಾಗದ ಮುದುಕಿ, ಹಸುಗೂಸಿನ ತಾಯಿ, ರಾತ್ರಿ ಪಾಳಿಯ ದಾದಿ, ಇವರಿಗೆ ಆ ಸರದಿ ನ್ಯಾಯವೆನಿಸದು. ಸಾಲು ಹಣವನ್ನು ಕೇಳದಿದ್ದರೂ ಮೈಬಲವನ್ನೂ ಬಿಡುವನ್ನೂ ಕೇಳುತ್ತದೆ. ಆದರೂ ಮುಂದಿರುವವರು ಯಾಕೆ ಮುಂದಿದ್ದಾರೆಂಬುದು ಹಿಂದಿರುವವರಿಗೆ ಕಣ್ಣಿಗೆ ಕಾಣುತ್ತದೆ.

ಬಸದಿಗಳ ಟ್ರಸ್ಟಿನವರಿಗೂ ಈ ವಿಚಾರ ದೂರದ್ದಲ್ಲ. ಪಂಚಕಲ್ಯಾಣದ ಕಾಲದಲ್ಲಿ ಧರ್ಮಶಾಲೆಯ ಕೋಣೆಗಳು ಸಾಲದಾದಾಗ ಹಳೆಯ ದಾನಿಗಳ ಮನೆಯವರಿಗೆ ಕೋಣೆ ಮೊದಲು, ದೂರದಿಂದ ಮೊದಲ ಬಾರಿಗೆ ಬಂದ ಯಾತ್ರಿಕರಿಗೆ ಜಗಲಿ ಎಂಬುದು ಅಲ್ಲಲ್ಲಿ ನಡೆಯುವ ಸಂಗತಿ. ದಾನಿಯ ಋಣ ಟ್ರಸ್ಟಿನ ಮೇಲಿದೆ, ನಿಜ. ಅಭಿಷೇಕದ ಕಲಶಕ್ಕೆ ಬೋಲಿ ನಡೆಯುವಾಗ ಹಣಕ್ಕೇ ಮನ್ನಣೆಯೆಂಬ ಟೀಕೆ ಬಹುಕಾಲದಿಂದ ಇದ್ದೇ ಇದೆ. ಆದರೆ ಬೋಲಿಯ ಮೊತ್ತ ಎಲ್ಲರ ಕಿವಿಗೂ ಬೀಳುತ್ತದೆ, ಯಾರೂ ಅದನ್ನು ನಿಷ್ಠೆಯೆಂದು ಕರೆಯುವುದಿಲ್ಲ. ಕೋಣೆಯ ವಿಷಯದಲ್ಲಿ ಮಾತ್ರ ಕೀಲಿಕೈ ಗುಮಾಸ್ತನ ಮೇಜಿನ ಒಳಗಿರುತ್ತದೆ, ಬಾಯಲ್ಲಿ ‘ಎಲ್ಲ ಭರ್ತಿ’ ಎಂಬ ಮಾತಿರುತ್ತದೆ. ವಿಲಾಸದ ಮಳಿಗೆಯ ಒಳಮನೆಗೂ ಈ ಮೇಜಿಗೂ ಇರುವ ಅಂತರವನ್ನು ಟ್ರಸ್ಟಿನ ಸಭೆಯಲ್ಲಿ ಒಮ್ಮೆ ಚರ್ಚಿಸಿದರೆ ತಪ್ಪೇನೂ ಇಲ್ಲ. ದಾನಿಗಳಿಗೆ ನಾಲ್ಕು ಕೋಣೆ ಮೀಸಲು, ಉಳಿದವು ಬಂದ ಕ್ರಮದಲ್ಲಿ ಎಂದು ಬಾಗಿಲ ಮೇಲೆ ಬರೆದು ಹಾಕಿದರೆ ಯಾತ್ರಿಕನಿಗೆ ಬೇಸರವಾದೀತು, ಅಪಮಾನವಾಗದು.

ಅಂಗಡಿಯಲ್ಲಿಯೂ ಅಷ್ಟನ್ನು ಮಾಡಬಹುದು. ಹೊಸ ಮಾದರಿಯ ಸರವೊಂದನ್ನು ಕೇಳಿದ ಅಪರಿಚಿತನಿಗೆ, ‘ಇದೆ, ಆದರೆ ಇದನ್ನು ಒಬ್ಬರಿಗೆ ಎತ್ತಿಟ್ಟಿದ್ದೇವೆ, ಮುಂದಿನದು ಬಂದಾಗ ನಿಮಗೆ ತಿಳಿಸುತ್ತೇವೆ’ ಎಂದು ಹೇಳಿ ಒಂದು ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಲು ಕೆಲಸದ ಹುಡುಗನಿಗೆ ಹೆಚ್ಚು ತರಬೇತಿ ಬೇಕಾಗಿಲ್ಲ. ಆ ಪುಸ್ತಕದಲ್ಲಿ ಹೆಸರಿನ ಮುಂದೆ ತಾರೀಖು ಮಾತ್ರ ಇರಬೇಕೋ, ಹಿಂದಿನ ಖರೀದಿಯ ಮೊತ್ತವೂ ಇರಬೇಕೋ ಎಂಬುದನ್ನು ಮಾಲೀಕ ನಿರ್ಧರಿಸಲಿ. ಮೊತ್ತವನ್ನೂ ಬರೆಯುವುದಾದರೆ, ಎಷ್ಟು ಮೊತ್ತಕ್ಕೆ ಎಷ್ಟು ಮುಂಚೆ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದು, ಗಿರಾಕಿ ಕೇಳಿದರೆ ಆ ಪುಟವನ್ನು ಅವನ ಕಡೆಗೆ ತಿರುಗಿಸಿ ತೋರಿಸಲಿ.